ಮನೆಯಲ್ಲಿ ಕಟ್ಟಿದ ವಿಮಾನದಲ್ಲಿ ಸ್ವಿಚ್ಚು ಮತ್ತು ಫ್ಯೂಸುಗಳ ವ್ಯವಸ್ಥೆ

೧. ಪೀಠಿಕೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬುದು ನಮ್ಮ ಹಿರಿಯರ ಮಾತು. ಮನುಷ್ಯನ ಶಕ್ತಿಯನ್ನೂ ಸಹನೆಯನ್ನೂ ಒರೆಗೆ ಹಚ್ಚುವ ಕಾರ್ಯಗಳು ಇವೆರಡೇ ಎಂದು ಅವರು ತಿಳಿದಿದ್ದರು. ಈ ಪಟ್ಟಿಗೆ ಮೂರನೆಯದೊಂದನ್ನು ಸೇರಿಸಬಹುದೆಂದು ನನಗೆ ಈಚೆಗೆ ತೋರಿದೆ. ಅದು ಮನೆಯಲ್ಲಿಯೇ ವಿಮಾನ ಕಟ್ಟುವುದು.

ನಮ್ಮ ಶಾಲೆಯಲ್ಲಿ ಓದಿ, ಎಂಜಿನಿಯರಾಗಿ, ಈಗ ಅಮೆರಿಕದಲ್ಲಿ ನೆಲಸಿರುವ ಹಳೆಯ ವಿದ್ಯಾರ್ಥಿಯೊಬ್ಬನು ಕಳೆದ ಬೇಸಗೆಯಲ್ಲಿ ಮೂಡಿಗೆರೆಯ ಕಡೆಯ ತನ್ನ ತೋಟದ ಮನೆಗೆ ಬಂದಿದ್ದನು. ಇಬ್ಬರು ಕುಳಿತು ಹೋಗಬಹುದಾದ ವಿಮಾನವೊಂದನ್ನು ತನ್ನ ಗ್ಯಾರೇಜಿನಲ್ಲಿ ಕಟ್ಟುತ್ತಿರುವುದಾಗಿ ತಿಳಿಸಿ, ಅದರ ವಿದ್ಯುತ್ ನಕ್ಷೆಯನ್ನು ಜಗಲಿಯ ಮೇಲೆ ಹರಡಿದನು. “ಗುರುಗಳೇ, ಇದನ್ನು ಕನ್ನಡದಲ್ಲಿ ಬಿಡಿಸಿ ಹೇಳಲು ಹೊರಟರೆ ನನಗೆ ಎಷ್ಟು ಅರ್ಥವಾಗಿದೆಯೆಂಬುದು ನನಗೇ ತಿಳಿಯುತ್ತದೆ. ಕೇಳುತ್ತೀರಾ?” ಎಂದನು. “ಹೇಳಪ್ಪಾ; ಆದರೆ ತಿಳಿಯದ ಕಡೆಯಲ್ಲೆಲ್ಲ ನಿಲ್ಲಿಸಿ ಕೇಳುತ್ತೇನೆ” ಎಂದೆನು. ಮೂರು ಸಂಜೆ ಈ ಪಾಠ ನಡೆಯಿತು. ಅಂದು ಶಿಷ್ಯನಾಗಿದ್ದವನು ಈಗ ಗುರುವಾದನು, ನಾನು ವಿದ್ಯಾರ್ಥಿಯಾದೆನು. ಆಮೇಲೆ ಓದಿ ತಿಳಿದುಕೊಂಡುದನ್ನೂ ಸೇರಿಸಿ ಈ ಲೇಖನವನ್ನು ಸಿದ್ಧಪಡಿಸಿದ್ದೇನೆ.

ಅವನ ಮಾತು ಕೇಳುತ್ತಿದ್ದಂತೆ ನನಗೆ ನಮ್ಮ ಮನೆಯ ಪ್ರಸಂಗವೊಂದು ನೆನಪಾಯಿತು. ಮಲೆನಾಡಿನ ತೋಟದ ಮನೆಗಳಲ್ಲಿ ಮಳೆಗಾಲವೆಂದರೆ ಮರ ಬಿದ್ದು ತಂತಿ ಹರಿಯುವ, ಫ್ಯೂಸು ಹಾರುವ ಕಾಲ. ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ, ಆಷಾಢದ ಒಂದು ರಾತ್ರಿ, ನಮ್ಮ ಮನೆಯ ಫ್ಯೂಸು ಮೂರು ಸಲ ಹಾರಿತು. ನಾಲ್ಕನೆಯ ಸಲ ನಾನು ತಾಳ್ಮೆಗೆಟ್ಟು, ಫ್ಯೂಸು ತಂತಿಯ ಬದಲಿಗೆ ಮೂರೆಳೆ ತಾಮ್ರದ ತಂತಿಯನ್ನು ಹೊಸೆದು ಕಟ್ಟಿ ಮಲಗಿದೆನು. ದೀಪ ಆರಲಿಲ್ಲ. ಬೆಳಗಿನ ಜಾವ ತಾಯಿಯವರು ಸುಟ್ಟ ವಾಸನೆಯೆಂದು ನನ್ನನ್ನು ಎಬ್ಬಿಸಿದರು. ಪಂಪಿಗೆ ಹೋಗುವ ತಂತಿಯ ಹೊದಿಕೆ ಕರಗಿ, ಗೋಡೆಯ ಮರದ ಪಟ್ಟಿ ಗೇಣುದ್ದ ಕರಿಕಾಗಿತ್ತು. ತಾಯಿಯವರಿಗೆ ಎಚ್ಚರವಾಗದೆ ಇದ್ದಿದ್ದರೆ ಮನೆ ಉಳಿಯುತ್ತಿರಲಿಲ್ಲ. ಪಂಪಿನ ತಂತಿ ನೀರು ಕುಡಿದಿದೆಯೆಂದು ಫ್ಯೂಸು ಮೂರು ಸಲ ಹೇಳಿತ್ತು. ನಾಲ್ಕನೆಯ ಸಲ ನಾನು ಅದರ ಬಾಯಿ ಕಟ್ಟಿದ್ದೆನು.

ನೆಲದ ಮೇಲಿನ ಮನೆಯಲ್ಲಿ ಇಂಥ ತಪ್ಪಿಗೆ ಹೊರಗೆ ಓಡುವ ದಾರಿಯಾದರೂ ಉಂಟು. ಆಕಾಶದಲ್ಲಿ ಅದಿಲ್ಲ. ವಿಮಾನದ ವಿದ್ಯುದ್ವ್ಯವಸ್ಥೆಯ ಸಮಸ್ತ ಯೋಜನೆಯೂ ಈ ಒಂದು ಮಾತಿನಿಂದ ಹೊರಡುತ್ತದೆ.

೨. ನಮ್ಮ ನಾಡಿನ ನಿದರ್ಶನ

ಸ್ವಂತ ಕೈಯಿಂದ ವಿಮಾನ ಕಟ್ಟುವ ಹವ್ಯಾಸ ಅಮೆರಿಕದಲ್ಲಿ ಬಹಳ ಬೆಳೆದಿದೆ. ಪಾಲ್ ಪೊಬೆರೆಜ್ನಿ ಎಂಬವರು ೧೯೫೩ರಲ್ಲಿ ಅಲ್ಲಿ ಹವ್ಯಾಸಿಗಳ ಸಂಘವೊಂದನ್ನು ಸ್ಥಾಪಿಸಿದರು. ವಿಮಾನದ ನಿರ್ಮಾಣದಲ್ಲಿ ಅರ್ಧಕ್ಕಿಂತ ಹೆಚ್ಚಿನ ಭಾಗವನ್ನು ಹವ್ಯಾಸಿಗಳೇ ತಮ್ಮ ಕಲಿಕೆಗಾಗಿ ಅಥವಾ ಸಂತೋಷಕ್ಕಾಗಿ ಮಾಡಿರಬೇಕೆಂಬುದು ಅಲ್ಲಿಯ ನಿಯಮ. ನಮ್ಮ ದೇಶದಲ್ಲಿ ಇಂಥವರು ವಿರಳ. ಮುಂಬಯಿಯ ವೈಮಾನಿಕ ಅಮೋಲ್ ಯಾದವ್ ಅವರು ಮನೆಯ ತಾರಸಿಯ ಮೇಲೆ ಕಟ್ಟಿದ ವಿಮಾನವನ್ನು ೨೦೧೬ರಲ್ಲಿ ಸಾರ್ವಜನಿಕವಾಗಿ ಪ್ರದರ್ಶಿಸಿದುದು ಇದಕ್ಕೊಂದು ಉದಾಹರಣೆ.

ಕರ್ನಾಟಕದಲ್ಲಿ ಈ ವಿಷಯಕ್ಕೆ ಸಮೀಪದ ನಿದರ್ಶನ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ್ದು. ಅಮೆರಿಕದ ಬರ್ಟ್ ರೂಟಾನ್ ಅವರು ಮನೆಯಲ್ಲಿ ವಿಮಾನ ಕಟ್ಟುವವರಿಗೆಂದೇ ‘ಲಾಂಗ್-ಈಝಿ’ ಎಂಬ ವಿಮಾನವನ್ನು ರಚಿಸಿದ್ದರು. ಅದು ಮೊದಲು ಹಾರಿದ್ದು ೧೯೭೯ರಲ್ಲಿ. ಆ ರಚನೆಯನ್ನೇ ಆಧಾರವಾಗಿಟ್ಟುಕೊಂಡು ನಮ್ಮ ಪ್ರಯೋಗಾಲಯದವರು ಸಂಶೋಧನೆಗಾಗಿ ಒಂದು ಹಗುರ ವಿಮಾನವನ್ನು ನಿರ್ಮಿಸಿ ೧೯೮೭ರಲ್ಲಿ ಹಾರಿಸಿದರು. ಅದರ ಮೈ ಲೋಹದ್ದಲ್ಲ. ಗಾಜಿನ ನಾರು ಮತ್ತು ರಾಳಗಳಿಂದ ಎರಕಗೊಂಡದ್ದು. ಇದೇ ಬಗೆಯ ಸಂಯುಕ್ತ ವಸ್ತುಗಳಿಂದ ಅವರು ನಿರ್ಮಿಸಿದ ಎರಡು ಆಸನಗಳ ‘ಹಂಸ’ ೧೯೯೩ರಲ್ಲಿ ಮೊದಲು ಹಾರಿತು. ಅದರ ಹೊಸ ರೂಪ ೨೦೨೧ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಆಕಾಶಕ್ಕೆ ಏರಿತು.

ವಿಮಾನದ ಮೈ ಯಾವುದರದು ಎಂಬುದಕ್ಕೂ ವಿದ್ಯುತ್ತಿಗೂ ನಿಕಟವಾದ ಸಂಬಂಧವಿದೆ. ವಿದ್ಯುತ್ತು ಹೊರಟ ಸ್ಥಳಕ್ಕೆ ಮರಳಿ ಬಂದರೆ ಮಾತ್ರ ಮಂಡಲ ಪೂರ್ಣವಾಗುತ್ತದೆ. ಅಲ್ಯೂಮಿನಿಯಮಿನ ವಿಮಾನದಲ್ಲಿ ಮರಳುವ ದಾರಿಯ ಕೆಲಸವನ್ನು ವಿಮಾನದ ಮೈಯೇ ಮಾಡಬಲ್ಲದು. ಗಾಜಿನ ನಾರಿನಲ್ಲಿ ವಿದ್ಯುತ್ತು ಹರಿಯದು. ಆದಕಾರಣ ಪ್ರತಿಯೊಂದು ದೀಪಕ್ಕೂ ಪ್ರತಿಯೊಂದು ಉಪಕರಣಕ್ಕೂ ಹೋಗುವ ತಂತಿಯೊಂದು, ಬರುವ ತಂತಿಯೊಂದು ಬೇಕು. ಬರುವ ತಂತಿಗಳೆಲ್ಲ ಎಂಜಿನ್ನಿನ ಬಳಿಯ ಒಂದೇ ಲೋಹದ ಫಲಕದಲ್ಲಿ ಬಂದು ಕೂಡಬೇಕು. ಅಲ್ಲೊಂದು ಇಲ್ಲೊಂದು ಕಡೆ ಸಿಕ್ಕಿಸಿದರೆ ರೇಡಿಯೋದಲ್ಲಿ ಗೊರಗೊರ ಸದ್ದು ಕೇಳಿಸುವುದಲ್ಲದೆ, ದೋಷ ಬಂದಾಗ ಅದರ ಮೂಲ ಹುಡುಕುವುದೂ ಕಷ್ಟವಾಗುತ್ತದೆ.

೩. ಫ್ಯೂಸು ಯಾರ ಕಾವಲುಗಾರ?

ಇಂಗ್ಲಿಷಿನ ‘ಫ್ಯೂಸ್’ ಎಂಬ ಪದಕ್ಕೆ ಕರಗುವುದೆಂಬ ಅರ್ಥವಿದೆ. ತಾನು ಕರಗಿ ಇತರರನ್ನು ಉಳಿಸುವುದೇ ಅದರ ಧರ್ಮ. ಆದರೆ ಯಾರನ್ನು ಉಳಿಸುವುದು? ರೇಡಿಯೋದ ಫ್ಯೂಸು ರೇಡಿಯೋವನ್ನು ಕಾಯುತ್ತದೆ, ದೀಪದ ಫ್ಯೂಸು ದೀಪವನ್ನು ಕಾಯುತ್ತದೆ ಎಂದೇ ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಇದು ಸರಿಯಲ್ಲ. ಫಲಕದಲ್ಲಿರುವ ಫ್ಯೂಸು ಕಾಯುವುದು ತಂತಿಯನ್ನು. ಕೆಟ್ಟ ರೇಡಿಯೋವನ್ನು ಮತ್ತೆ ಕೊಂಡುತರಬಹುದು. ಆಸನದ ಕೆಳಗೆ, ಇಂಧನದ ನಳಿಗೆಯ ಪಕ್ಕದಲ್ಲಿ ಹಾದುಹೋಗುವ ತಂತಿಯೊಂದು ಕೆಂಪಗೆ ಕಾದರೆ ಕೊಂಡುತರುವವನೇ ಉಳಿಯುವುದಿಲ್ಲ.

ತಂತಿಯಲ್ಲಿ ಹುಟ್ಟುವ ಶಾಖವು ಪ್ರವಾಹದ ವರ್ಗಕ್ಕೆ ಅನುಗುಣವಾಗಿರುತ್ತದೆ ಎಂಬ ಜೌಲನ ನಿಯಮವನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಪ್ರವಾಹ ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟು. ಮೂರು ಪಟ್ಟಾದರೆ ಒಂಬತ್ತು ಪಟ್ಟು. ಆದಕಾರಣ ತಂತಿಯ ದಪ್ಪವನ್ನು ನೋಡಿ ಫ್ಯೂಸನ್ನು ನಿರ್ಣಯಿಸಬೇಕು. ವಿಮಾನದ ತಾಮ್ರದ ತಂತಿಗಳನ್ನು ಗೇಜಿನ ಅಂಕೆಯಿಂದ ಗುರುತಿಸುತ್ತಾರೆ. ಅಂಕೆ ದೊಡ್ಡದಾದಷ್ಟೂ ತಂತಿ ಸಣ್ಣದು. ೨೨ನೆಯ ಗೇಜಿನ ತಂತಿಗೆ ೫ ಆಂಪೇರ್, ೨೦ಕ್ಕೆ ಏಳೂವರೆ, ೧೮ಕ್ಕೆ ೧೦, ೧೬ಕ್ಕೆ ೧೫, ೧೪ಕ್ಕೆ ೨೦ ಆಂಪೇರುಗಳ ಬ್ರೇಕರನ್ನು ಮೀರಬಾರದೆಂಬುದು ವಾಡಿಕೆಯ ಪ್ರಮಾಣ. ಫ್ಯೂಸಾದರೆ ಕೆಲವು ಕಡೆ ಇನ್ನೂ ಕಡಿಮೆಯದನ್ನೇ ಹಾಕುತ್ತಾರೆ. ತಂತಿಯ ಹೊದಿಕೆಯೂ ಮುಖ್ಯ. ಮನೆಗಳಲ್ಲಿ ಬಳಸುವ ಪಿ.ವಿ.ಸಿ. ಹೊದಿಕೆ ಸುಟ್ಟರೆ ಉಸಿರು ಕಟ್ಟಿಸುವ ವಿಷದ ಹೊಗೆ ಬರುತ್ತದೆ. ವಿಮಾನಕ್ಕಾಗಿ ೧೫೦ ಡಿಗ್ರಿ ಸೆಲ್ಸಿಯಸ್ ಶಾಖವನ್ನು ತಾಳಬಲ್ಲ ಟೆಫ್‌ಜೆಲ್ ಹೊದಿಕೆಯ ತಂತಿಯನ್ನು ಆರಿಸುತ್ತಾರೆ.

ಫ್ಯೂಸು ಇರಬೇಕಾದ ಸ್ಥಳವು ತಂತಿಯ ಆರಂಭದಲ್ಲಿ, ಅಂದರೆ ವಿದ್ಯುತ್ತು ಹಂಚಿಕೆಯಾಗುವ ಪಟ್ಟಿಯ ಬಳಿ, ಉಪಕರಣದ ಬಳಿಯಲ್ಲಲ್ಲ. ತೋಟಕ್ಕೆ ಕಾವಲು ಹಾಕುವವನು ಹಿತ್ತಲ ಮೂಲೆಯಲ್ಲಿ ಕುಳಿತರೆ ಹೆಬ್ಬಾಗಿಲಿನಿಂದ ಬಂದವನನ್ನು ತಡೆಯುವುದೆಂತು? ಫ್ಯೂಸಿನಿಂದ ಹಿಂದಿರುವ ತಂತಿಗೆ ರಕ್ಷಣೆಯಿಲ್ಲ. ಎಂಜಿನ್ನನ್ನು ತಿರುಗಿಸುವ ಸ್ಟಾರ್ಟರಿಗೆ ಮಾತ್ರ ಈ ನಿಯಮದಿಂದ ವಿನಾಯಿತಿ. ಅದು ಕೆಲವು ಕ್ಷಣಗಳ ಕಾಲ ನೂರಾರು ಆಂಪೇರುಗಳನ್ನು ಸೆಳೆಯುವುದರಿಂದ ಅದರ ದಪ್ಪ ತಂತಿಗೆ ಫ್ಯೂಸು ಹಾಕುವುದಿಲ್ಲ. ಅದಕ್ಕೆ ಬದಲಾಗಿ ಬ್ಯಾಟರಿಯ ಮಗ್ಗುಲಲ್ಲಿಯೇ ದೊಡ್ಡ ರಿಲೇಯೊಂದನ್ನಿಟ್ಟು, ಚಾಲಕನು ಒಂದು ಸ್ವಿಚ್ಚನ್ನು ಸರಿಸಿದೊಡನೆ ಬ್ಯಾಟರಿಯ ಸಂಪರ್ಕವೇ ಕಡಿದುಹೋಗುವಂತೆ ಮಾಡುತ್ತಾರೆ.

ಫ್ಯೂಸೋ ಬ್ರೇಕರೋ ಎಂಬುದು ಬಹುಕಾಲದ ಚರ್ಚೆ. ಬ್ರೇಕರಿನೊಳಗಿನ ದ್ವಿಲೋಹ ಪಟ್ಟಿ ಕಾದು ಬಾಗಿದಾಗ ಗುಂಡಿ ಹೊರಕ್ಕೆ ನೆಗೆಯುತ್ತದೆ; ಒತ್ತಿದರೆ ಮತ್ತೆ ಕೂಡಿಕೊಳ್ಳುತ್ತದೆ. ಫ್ಯೂಸು ಅದಕ್ಕಿಂತ ಬೇಗ ಕೆಲಸ ಮಾಡುತ್ತದೆ, ಅಗ್ಗವಾಗಿದೆ, ಹಗುರವಾಗಿದೆ; ಆದರೆ ಒಮ್ಮೆ ಹೋದರೆ ಹೋಯಿತು. ಅಮೆರಿಕದ ಹವ್ಯಾಸಿಗಳಿಗೆ ವಿದ್ಯುತ್ತಿನ ಪಾಠ ಹೇಳಿದ ರಾಬರ್ಟ್ ನಕಲ್ಸ್ ಅವರು, ಮೋಟಾರು ಕಾರಿನಲ್ಲಿ ಬಳಸುವಂಥ ಸಣ್ಣ ಫ್ಯೂಸುಗಳನ್ನೇ ಹಾಕಿ, ಅವು ಹಾರಾಟದ ಸಮಯದಲ್ಲಿ ಚಾಲಕನ ಕೈಗೆ ಸಿಗದಂತೆ ಇಡುವುದು ಲೇಸೆಂದು ವಾದಿಸಿದ್ದಾರೆ. ಮೊದಲು ಇದು ವಿಚಿತ್ರವೆನಿಸಿತು. ಆದರೆ ಆಷಾಢದ ಆ ರಾತ್ರಿ ನಮ್ಮ ಮನೆಯ ಫ್ಯೂಸು ನನ್ನ ಕೈಗೆ ಸಿಗದಿದ್ದರೆ ಎಷ್ಟು ಒಳ್ಳೆಯದಾಗುತ್ತಿತ್ತು!

೪. ನಕ್ಷೆಗಿಂತ ಮೊದಲು ಲೆಕ್ಕ

ನಕ್ಷೆ ಬರೆಯುವ ಮೊದಲು ಮಾಡಬೇಕಾದುದು ಒಂದು ಪಟ್ಟಿ. ವಿಮಾನದಲ್ಲಿರುವ ಉಪಕರಣಗಳಾವುವು, ಒಂದೊಂದೂ ಎಷ್ಟು ಆಂಪೇರ್ ಸೆಳೆಯುತ್ತದೆ, ಅದಿಲ್ಲದೆ ಸುರಕ್ಷಿತವಾಗಿ ನೆಲ ಮುಟ್ಟಲು ಸಾಧ್ಯವೇ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಬರೆಯಬೇಕು. ಇವುಗಳಲ್ಲಿ ಮೂರನೆಯದೇ ಮುಖ್ಯವಾದುದು.

ಸಣ್ಣ ವಿಮಾನಗಳಲ್ಲಿ ಸಾಮಾನ್ಯವಾಗಿ ೧೨ ವೋಲ್ಟಿನ ಬ್ಯಾಟರಿ ಇರುತ್ತದೆ. ಎಂಜಿನ್ನು ನಡೆಯುವಾಗ ಆಲ್ಟರ್ನೇಟರು ಸುಮಾರು ೧೪ ವೋಲ್ಟುಗಳಲ್ಲಿ ವಿದ್ಯುತ್ತನ್ನು ಒದಗಿಸುತ್ತ ಬ್ಯಾಟರಿಯನ್ನೂ ತುಂಬಿಸುತ್ತಿರುತ್ತದೆ. ಆಲ್ಟರ್ನೇಟರು ಕೆಟ್ಟಿತೆನ್ನೋಣ. ದೀಪಗಳು ಕೂಡಲೆ ಆರುವುದಿಲ್ಲ. ಎಲ್ಲವೂ ಸರಿಯಾಗಿರುವಂತೆಯೇ ತೋರುತ್ತದೆ. ಕೊಳಕ್ಕೆ ಬರುವ ನೀರು ನಿಂತರೂ ತೂಬಿನಲ್ಲಿ ನೀರು ಹರಿಯುತ್ತಲೇ ಇರುವಂತೆ, ಬ್ಯಾಟರಿ ಸದ್ದಿಲ್ಲದೆ ಬರಿದಾಗುತ್ತಿರುತ್ತದೆ. ಆದಕಾರಣ ೧೩ ವೋಲ್ಟುಗಳಿಗಿಂತ ಕೆಳಗಿಳಿದ ಕ್ಷಣವೇ ಕಣ್ಣೆದುರು ಬೆಳಗುವ ಎಚ್ಚರಿಕೆಯ ದೀಪವೊಂದು ಇರತಕ್ಕದ್ದು. ಆಲ್ಟರ್ನೇಟರಿನ ನಿಯಂತ್ರಣ ತಪ್ಪಿ ವೋಲ್ಟುಗಳು ಮಿತಿಮೀರಿ ಏರುವುದೂ ಉಂಟು. ಆಗ ಉಪಕರಣಗಳೆಲ್ಲ ಒಮ್ಮೆಗೇ ಹಾಳಾಗುವ ಅಪಾಯವಿರುವುದರಿಂದ, ೧೬ ವೋಲ್ಟುಗಳ ಸುಮಾರಿನಲ್ಲಿ ಆಲ್ಟರ್ನೇಟರನ್ನು ತಾನೇ ಕಡಿದುಹಾಕುವ ವ್ಯವಸ್ಥೆ ಅಗತ್ಯ.

ಇನ್ನು ಲೆಕ್ಕ. ಉದಾಹರಣೆಗೆ ೧೭ ಆಂಪೇರ್-ಗಂಟೆಗಳ ಬ್ಯಾಟರಿಯೊಂದಿದೆ. ಅದು ಹಳತಾಗಿದೆಯೆಂದು ಭಾವಿಸಿ ಸುಮಾರು ಅರ್ಧ, ಅಂದರೆ ಎಂಟು ಆಂಪೇರ್-ಗಂಟೆಗಳನ್ನು ಮಾತ್ರ ನಂಬೋಣ. ಎಲ್ಲ ದೀಪಗಳೂ ಎಲ್ಲ ಉಪಕರಣಗಳೂ ಸೇರಿ ೧೬ ಆಂಪೇರ್ ಸೆಳೆಯುತ್ತಿದ್ದರೆ ಅದು ಅರ್ಧ ಗಂಟೆಗೆ ಮುಗಿಯಿತು. ದಾರಿ ತೋರುವ ಉಪಕರಣ, ಒಂದು ರೇಡಿಯೋ, ಫಲಕಕ್ಕೊಂದು ಸಣ್ಣ ದೀಪ ಇಷ್ಟನ್ನೇ ಉಳಿಸಿಕೊಂಡು ಹೊರೆಯನ್ನು ೪ ಆಂಪೇರಿಗೆ ಇಳಿಸಿದರೆ ಎರಡು ಗಂಟೆ ಸಿಕ್ಕಿತು. ಕಳಸದಿಂದ ಕುದುರೆಮುಖದ ಕಡೆಗೆ, ಕಣಿವೆಗಳೆಲ್ಲ ಮಂಜಿನಿಂದ ತುಂಬಿರುವಾಗ ಹಾರುತ್ತಿರುವವನನ್ನು ಊಹಿಸಿಕೊಳ್ಳಿರಿ. ಕೆಳಗೆ ಇಳಿಯಲು ಒಂದು ಬಯಲೂ ಇಲ್ಲ. ಅರ್ಧ ಗಂಟೆಗೂ ಎರಡು ಗಂಟೆಗೂ ಇರುವ ಅಂತರ ಅವನ ಪಾಲಿಗೆ ಜೀವ ಮರಣಗಳ ಅಂತರ.

ಈ ಉದ್ದೇಶದಿಂದಲೇ ಹಂಚಿಕೆಯ ಪಟ್ಟಿಯನ್ನು ಎರಡು ಭಾಗ ಮಾಡುತ್ತಾರೆ. ದೊಡ್ಡ ದೀಪ ಮುಂತಾದ ಹೆಚ್ಚು ಸೆಳೆಯುವ ಉಪಕರಣಗಳೆಲ್ಲ ಮುಖ್ಯ ಪಟ್ಟಿಯಲ್ಲಿ. ಮನೆ ಸೇರಲು ಅವಶ್ಯವಾದವು ಮಾತ್ರ ಆಪತ್ಕಾಲದ ಪಟ್ಟಿಯಲ್ಲಿ. ಸಾಮಾನ್ಯ ಕಾಲದಲ್ಲಿ ಎರಡನೆಯದಕ್ಕೆ ಮೊದಲನೆಯದರಿಂದಲೇ ವಿದ್ಯುತ್ತು ಬರುತ್ತದೆ. ನಡುವೆ ಇರುವ ಡಯೋಡು ಎಂಬ ಏಕಮುಖದ ಬಾಗಿಲು ಅದನ್ನು ಹಿಂದಕ್ಕೆ ಹರಿಯಗೊಡದು. ಮುಖ್ಯ ಪಟ್ಟಿ ಕೆಟ್ಟಾಗ ಬ್ಯಾಟರಿಯಿಂದ ನೇರವಾಗಿ ಬರುವ ಇನ್ನೊಂದು ದಾರಿಯನ್ನು ಒಂದೇ ಸ್ವಿಚ್ಚಿನಿಂದ ತೆರೆಯಬಹುದು. ಕತ್ತಲೆಯಲ್ಲಿ, ಗಾಬರಿಯಲ್ಲಿ, ಯಾವುದನ್ನು ಆರಿಸಲಿ ಯಾವುದನ್ನು ಬಿಡಲಿ ಎಂದು ಚಾಲಕನು ಯೋಚಿಸಬೇಕಾಗಿಲ್ಲ. ಆ ಯೋಚನೆಯನ್ನು ಅವನು ಎಷ್ಟೋ ತಿಂಗಳು ಮೊದಲೇ, ಮೇಜಿನ ಮುಂದೆ, ಪೆನ್ಸಿಲ್ ಹಿಡಿದು ಮುಗಿಸಿರುತ್ತಾನೆ.

ಒಂದು ಫ್ಯೂಸಿಗೆ ಒಂದೇ ಉಪಕರಣ ಎಂಬುದೂ ಇದೇ ವಿವೇಕದ ಇನ್ನೊಂದು ಮುಖ. ಇಂಧನದ ಪಂಪು ಮತ್ತು ಒಂದು ದೀಪ ಒಂದೇ ಫ್ಯೂಸನ್ನು ಹಂಚಿಕೊಂಡರೆ, ದೀಪದ ತಂತಿ ಸವೆದ ದಿನ ಪಂಪೂ ನಿಲ್ಲುತ್ತದೆ.

೫. ಸ್ವಿಚ್ಚುಗಳ ವಿಚಾರ

ಸ್ವಿಚ್ಚುಗಳಲ್ಲಿ ವಿಶೇಷವಾಗಿ ತಿಳಿಯಬೇಕಾದುದು ಮ್ಯಾಗ್ನೆಟೊ ಸ್ವಿಚ್ಚು. ಎಂಜಿನ್ನಿನಲ್ಲಿ ಕಿಡಿ ಹುಟ್ಟಿಸುವ ಮ್ಯಾಗ್ನೆಟೊಗೆ ಬ್ಯಾಟರಿ ಬೇಡ. ಎಂಜಿನ್ನು ತಿರುಗಿದರೆ ಸಾಕು, ಅದು ತನ್ನ ವಿದ್ಯುತ್ತನ್ನು ತಾನೇ ಉತ್ಪಾದಿಸಿಕೊಳ್ಳುತ್ತದೆ. ಅದನ್ನು ನಿಲ್ಲಿಸಬೇಕಾದರೆ ಅದರ ತಂತಿಯನ್ನು ಎಂಜಿನ್ನಿನ ಮೈಗೆ ಕೂಡಿಸಬೇಕು. ಎಂದರೆ ಇಲ್ಲಿ ಮಂಡಲ ಕೂಡಿದರೆ ನಿಲುಗಡೆ, ಬಿಟ್ಟರೆ ಚಾಲನೆ. ಮನೆಯ ದೀಪದ ಸ್ವಿಚ್ಚಿಗೆ ಇದು ತೀರ ವಿರುದ್ಧ. ಇದರಿಂದ ಒಂದು ಲಾಭವುಂಟು, ಒಂದು ಅಪಾಯವುಂಟು. ವಿಮಾನದ ವಿದ್ಯುತ್ತೆಲ್ಲ ಹೋದರೂ ಎಂಜಿನ್ನು ನಡೆಯುತ್ತದೆ ಎಂಬುದು ಲಾಭ. ಆ ತಂತಿ ಎಲ್ಲಿಯಾದರೂ ತುಂಡಾಗಿದ್ದರೆ, ಸ್ವಿಚ್ಚನ್ನು ಆರಿಸಿದ ಮೇಲೂ ಮ್ಯಾಗ್ನೆಟೊ ಜೀವಂತವಾಗಿಯೇ ಇರುತ್ತದೆ ಎಂಬುದು ಅಪಾಯ. ನಿಂತಿರುವ ವಿಮಾನದ ರೆಕ್ಕೆಚಕ್ರವನ್ನು ಕೈಯಿಂದ ತಿರುಗಿಸಲು ಹೋದವರು ಈ ಕಾರಣದಿಂದ ಪ್ರಾಣ ಕಳೆದುಕೊಂಡುದುಂಟು.

ಆಧುನಿಕ ಎಂಜಿನ್ನುಗಳಲ್ಲಿ ಈ ಸ್ವಾತಂತ್ರ್ಯ ಉಳಿದಿಲ್ಲ. ಹೊಸ ಹಂಸದಲ್ಲಿ ಬಳಸಿದ ರೋಟಾಕ್ಸ್ ೯೧೨ ವರ್ಗದ ಎಂಜಿನ್ನಿನಲ್ಲಿ ಇಂಧನ ಸಿಂಪಡಣೆಯನ್ನೂ ಕಿಡಿಯನ್ನೂ ವಿದ್ಯುನ್ಮಾನವೇ ನಡೆಸುತ್ತದೆ. ವಿದ್ಯುತ್ತಿಲ್ಲದಿದ್ದರೆ ಎಂಜಿನ್ನೇ ಇಲ್ಲ. ಆದಕಾರಣ ಅದರಲ್ಲಿ ಎರಡು ಜನರೇಟರುಗಳು, ನಿಯಂತ್ರಣಕ್ಕೆ ಎರಡು ಪಥಗಳು, ಅವುಗಳಿಗೆ ಪ್ರತ್ಯೇಕ ಸ್ವಿಚ್ಚುಗಳು. ಒಂದು ಜನರೇಟರು ಎಂಜಿನ್ನಿಗೇ ಮೀಸಲು. ಅದು ಸೋತರೆ ಇನ್ನೊಂದು ಆ ಭಾರವನ್ನು ತಾನಾಗಿ ಹೊರುತ್ತದೆ. ಯಂತ್ರ ಮುಂದುವರಿದಷ್ಟೂ ಸ್ವಿಚ್ಚು ಫ್ಯೂಸುಗಳ ಜವಾಬ್ದಾರಿ ಹೆಚ್ಚುತ್ತದೆಯೆಂಬುದಕ್ಕೆ ಇದು ಸಾಕ್ಷಿ.

ಜೋಡಣೆಯ ವಿಷಯದಲ್ಲಿ ನಮ್ಮ ದೇಶದವರು ಗಮನಿಸಬೇಕಾದ ಸೂಕ್ಷ್ಮವೊಂದಿದೆ. ನಮ್ಮ ಮನೆಗಳಲ್ಲಿ ಸ್ವಿಚ್ಚನ್ನು ಕೆಳಕ್ಕೆ ಒತ್ತಿದರೆ ದೀಪ ಹೊತ್ತುತ್ತದೆ. ಅಮೆರಿಕದ ಮನೆಗಳಲ್ಲಿಯೂ ವಿಮಾನದ ಫಲಕಗಳಲ್ಲಿಯೂ ಮೇಲಕ್ಕೆತ್ತಿದರೆ ಹೊತ್ತುತ್ತದೆ. ಬಾಲ್ಯದಿಂದ ಬೆರಳಿಗೆ ಅಂಟಿದ ಅಭ್ಯಾಸ ಗಾಬರಿಯ ಹೊತ್ತಿನಲ್ಲಿಯೇ ಮರಳಿ ಬರುತ್ತದೆ. ಆದಕಾರಣ ಒಂದೇ ಸಾಲಿನಲ್ಲಿ ಒಂದೇ ಆಕಾರದ ಹತ್ತು ಸ್ವಿಚ್ಚುಗಳನ್ನು ಜೋಡಿಸುವುದು ಅವಿವೇಕ. ಬ್ಯಾಟರಿಯ ಸ್ವಿಚ್ಚು, ಎಂಜಿನ್ನಿನ ಸ್ವಿಚ್ಚುಗಳು, ಇಂಧನದ ಪಂಪು ಇವು ದೀಪಗಳ ಸ್ವಿಚ್ಚುಗಳಿಂದ ದೂರವಿರಬೇಕು. ಕಣ್ಣು ಮುಚ್ಚಿ ಮುಟ್ಟಿದರೂ ಆಕಾರದಿಂದ ಗುರುತು ಸಿಗಬೇಕು. ಹೆಸರಿನ ಪಟ್ಟಿಗಳ ಮಾತು ಬಂದಾಗ ಪಂಡಿತನಾದ ನನಗೂ ಒಂದು ಮಾತು ಹೇಳುವ ಅಧಿಕಾರ ದೊರೆಯಿತು: ಶಬ್ದ ಚಿಕ್ಕದಾಗಿರಲಿ, ಒಂದು ಹೆಸರು ಇನ್ನೊಂದನ್ನು ಹೋಲದಿರಲಿ, ಕಟ್ಟಿದವನಲ್ಲದೆ ಪಕ್ಕದಲ್ಲಿ ಕುಳಿತವರಿಗೂ ಅರ್ಥವಾಗಲಿ.

೬. ಒಂದು ದುರಂತದ ಪಾಠ

೨೦೦೭ರ ಜುಲೈ ೯ರಂದು ಅಮೆರಿಕದಲ್ಲಿ ಸೆಸ್ನಾ ೩೧೦ ಮಾದರಿಯ ಸಣ್ಣ ವಿಮಾನವೊಂದರ ಚಾಲಕನಿಗೆ ಹಾರಾಟದ ನಡುವೆ ಸುಟ್ಟ ವಾಸನೆ ಬಂದಿತು. ಆತನು ಹವಾಮಾನದ ರಾಡಾರನ್ನು ಆರಿಸಿ ಅದರ ಬ್ರೇಕರನ್ನು ಹೊರಗೆಳೆದನು. ವಾಸನೆ ನಿಂತಿತು. ಇಳಿದ ಮೇಲೆ ದೋಷವನ್ನು ಬರೆದೂ ಇಟ್ಟನು. ಮರುದಿನ ಅದನ್ನು ಸರಿಪಡಿಸದೆಯೇ ವಿಮಾನವನ್ನು ಬೇರೆಯವರು ಹಾರಿಸಿದರು. ಸ್ವಲ್ಪ ಹೊತ್ತಿನಲ್ಲಿಯೇ ಒಳಗೆ ಹೊಗೆ ತುಂಬಿ, ಫ್ಲಾರಿಡಾದ ಸ್ಯಾನ್‌ಫರ್ಡ್ ಪಟ್ಟಣದ ಮನೆಗಳ ಮೇಲೆ ಅದು ಬಿದ್ದಿತು. ವಿಮಾನದಲ್ಲಿದ್ದ ಇಬ್ಬರೂ ನೆಲದ ಮೇಲಿದ್ದ ಮೂವರೂ ತೀರಿಕೊಂಡರು. ಹೊರಗೆಳೆದಿದ್ದ ಬ್ರೇಕರನ್ನು ಯಾರೋ ಮತ್ತೆ ಒತ್ತಿರುವುದೇ ಸಂಭವನೀಯವೆಂದು ತನಿಖೆ ಮಾಡಿದವರು ಅಭಿಪ್ರಾಯಪಟ್ಟರು.

ಈ ವೃತ್ತಾಂತವನ್ನು ಕೇಳಿದಾಗ ನನಗೆ ಮೈ ಜುಮ್ಮೆಂದಿತು. ಆ ಗುಂಡಿಯನ್ನು ಒತ್ತಿದ ಕೈಗೂ ತಾಮ್ರದ ತಂತಿ ಹೊಸೆದ ನನ್ನ ಕೈಗೂ ಏನು ಭೇದ? ಇಬ್ಬರ ಉದ್ದೇಶವೂ ಕೆಟ್ಟದ್ದಲ್ಲ. ಕೆಲಸ ನಡೆಯಲಿ ಎಂಬುದಷ್ಟೇ. ತಾನಾಗಿ ಹಾರಿದ ಬ್ರೇಕರನ್ನು, ಆ ಉಪಕರಣವಿಲ್ಲದೆ ಪ್ರಾಣಕ್ಕೇ ಅಪಾಯವೆಂಬಂತಹ ಸಂದರ್ಭದ ಹೊರತು, ಹಾರಾಟದಲ್ಲಿ ಮತ್ತೆ ಒತ್ತಬಾರದೆಂದು ಇಂದು ವೈಮಾನಿಕರಿಗೆ ಕಲಿಸುತ್ತಾರೆ.

೭. ಉಪಸಂಹಾರ

ಮೂರನೆಯ ಸಂಜೆ ನಾನು ನಕ್ಷೆಯ ಮೇಲೆ ಬೆರಳಿಟ್ಟು ತಂತಿಗಳನ್ನು ಒಂದೊಂದಾಗಿ ಕೇಳುತ್ತ ಹೋದೆನು: “ಈ ತಂತಿಯನ್ನು ಕಾಯುವವರು ಯಾರಪ್ಪಾ?” ಅವನು ಫ್ಯೂಸಿನ ಅಂಕೆ ಹೇಳುತ್ತಿದ್ದನು. ಒಂದು ಕಡೆ ಸುಮ್ಮನಾದನು. ಫೋನಿಗೆ ಚಾರ್ಜು ಕೊಡುವ ಸಣ್ಣ ಸಾಕೆಟ್ಟೊಂದನ್ನು ಆಮೇಲೆ ಸೇರಿಸುವಾಗ, ಇಳಿಯುವ ದೀಪದ ೧೦ ಆಂಪೇರಿನ ಫ್ಯೂಸಿನಿಂದಲೇ ೨೨ನೆಯ ಗೇಜಿನ ತಂತಿಯನ್ನು ಎಳೆದಿದ್ದನು. ಐದು ಆಂಪೇರಿಗೆ ಸೋಲುವ ತಂತಿಗೆ ಹತ್ತಕ್ಕೆ ಏಳುವ ಕಾವಲುಗಾರ! ಆ ತಂತಿ ಹಾದುಹೋಗುವುದು ಎರಡನೆಯ ಆಸನದ ಕೆಳಗೆ. “ಅಲ್ಲಿ ಮಗಳು ಕುಳಿತುಕೊಳ್ಳುತ್ತಾಳೆ ಗುರುಗಳೇ” ಎಂದಷ್ಟೇ ಹೇಳಿ, ಪೆನ್ಸಿಲಿನಿಂದ ಆ ಗೆರೆಯನ್ನು ಅಳಿಸಿ, ಅದಕ್ಕೆ ಬೇರೊಂದು ಫ್ಯೂಸನ್ನು ಬರೆದನು.

ನಾನು ವಿದ್ಯುತ್ತನ್ನು ಬಲ್ಲವನೆಂಬ ಹೆಮ್ಮೆಯಿಂದ ಇದನ್ನು ಬರೆಯುತ್ತಿಲ್ಲ. ಕೇಳಿದ ಪ್ರಶ್ನೆ ಮಕ್ಕಳೂ ಕೇಳಬಹುದಾದದ್ದು. ಆದರೆ ಬಲ್ಲವರು ಆ ಪ್ರಶ್ನೆಯನ್ನು ತಮಗೆ ತಾವೇ ಪ್ರತಿಯೊಂದು ತಂತಿಯ ಮುಂದೆಯೂ ನಿಂತು ಕೇಳಿಕೊಳ್ಳುವುದು ಕಷ್ಟ. ಎರಡನೆಯವರೊಬ್ಬರು ಪಕ್ಕದಲ್ಲಿ ಕುಳಿತು ಕೇಳಬೇಕು. ನಮ್ಮಲ್ಲಿ ವಿಮಾನ ಕಟ್ಟುವವರು ಎಷ್ಟು ಮಂದಿಯಿದ್ದಾರೋ, ಮನೆಯ ಫ್ಯೂಸು ಕಟ್ಟುವವರಂತೂ ಎಲ್ಲರೂ ಇದ್ದೇವೆ. ಮುಂದಿನ ಮಳೆಗಾಲದ ರಾತ್ರಿ ದೀಪ ಆರಿದಾಗ, ದಪ್ಪ ತಂತಿಯನ್ನು ಹುಡುಕುವ ಮೊದಲು, ಅದು ಏಕೆ ಆರಿತೆಂದು ಕೇಳುವ ತಾಳ್ಮೆ ನಮ್ಮೆಲ್ಲರಿಗೂ ಇರಲಿ. ಆ ತಾಳ್ಮೆಯನ್ನು ವಿದ್ಯಾರ್ಥಿಗಳಿಗೆ ಕಲಿಸುವುದು ವಿಜ್ಞಾನದ ಅಧ್ಯಾಪಕರದಷ್ಟೇ ಅಲ್ಲ, ಭಾಷೆಯ ಅಧ್ಯಾಪಕರ ಕೆಲಸವೂ ಹೌದೆಂದು ನಾನು ತಿಳಿದಿದ್ದೇನೆ.